ಮೈದುನನ ಫೋರ್ ವೀಲ್ ಡ್ರೈವ್

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಮೈದುನ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಮಳೆ ಬಂದು ಬೀದಿಯಲ್ಲಿ ನೀರು ನಿಂತರೆ ಉಳಿದ ಹುಡುಗರು ಬೇಕೆಂದೇ ಅದರೊಳಗೆ ಧುಮುಕುತ್ತಾ ಹೋಗುತ್ತಿದ್ದರು. ಇವನು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು, ಒಣಗಿದ ಕಲ್ಲು ಹುಡುಕಿ ಹುಡುಕಿ ಕಾಲಿಟ್ಟು, ಪಾಠ ಶುರುವಾದ ಮೇಲೆ ಶಾಲೆ ಮುಟ್ಟುತ್ತಿದ್ದ. ಶೂ ಮೇಲೆ ಒಂದು ಹನಿ ಕೆಸರು ಹಾರಿತೋ, ಅರ್ಧ ದಾರಿಯಿಂದಲೇ ವಾಪಸು. "ಅತ್ತಿಗೆ, ಇದನ್ನ ಒರೆಸ್ಕೊಡಿ" ಎಂದು ಬಾಗಿಲಲ್ಲಿ ಒಂಟಿ ಕಾಲಿನಲ್ಲಿ ನಿಂತಿರುತ್ತಿದ್ದ. "ಇವನಿಗೆ ಮೋಡದ ಮೇಲೊಂದು ಮನೆ ಕಟ್ಟಿಕೊಡಬೇಕು" ಎಂದು ನನ್ನ ಯಜಮಾನರು ನಗುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಕೆಸರಿನಲ್ಲಿ ಓಡಿಸುವ ಗಾಡಿಯನ್ನು ತಮ್ಮನೇ ತಂದದ್ದನ್ನು ನೋಡುವ ಯೋಗ ಅವರಿಗಿರಲಿಲ್ಲ. ಅವರ ಪಾಲಿನ ನಗುವನ್ನೂ ನಾನೇ ನಕ್ಕು ಮುಗಿಸಬೇಕಾಯಿತು.

ಓದು ಮುಗಿದ ಮೇಲೆ ಮೈದುನ ಕನ್ನಡಕದ ಅಂಗಡಿ ಇಟ್ಟ. ಅವನಿಗೆ ಅದಕ್ಕಿಂತ ತಕ್ಕ ಕಸುಬು ಇನ್ನೊಂದಿರಲಿಲ್ಲ. ಗಾಜಿನ ಮೇಲೆ ಬೆರಳ ಗುರುತು ಕಂಡರೆ ಅವನಿಗೆ ಮೈಮೇಲೆ ಹುಳ ಹರಿದ ಹಾಗೆ. ಗಿರಾಕಿ ಬಂದು ಕೂತರೆ ಮೊದಲು ಅವರ ಮೂಗಿನ ಮೇಲಿಂದ ಕನ್ನಡಕ ಕಿತ್ತು ಒರೆಸುತ್ತಾನೆ, ಆಮೇಲೆ ಏನು ಬೇಕಿತ್ತು ಎಂದು ವಿಚಾರಿಸುತ್ತಾನೆ. ಇನ್ನು ಓರೆಯಾಗಿದ್ದದ್ದಂತೂ ಅವನ ಕಣ್ಣಿಗೆ ಆಗದು. ಕೂದಲೆಳೆಯಷ್ಟು ವಾಲಿದ ಫ್ರೇಮನ್ನೂ ಬಿಸಿ ಮಾಡಿ, ಬಗ್ಗಿಸಿ, ನೆಟ್ಟಗೆ ಮಾಡಿಯೇ ಕಳಿಸುವುದು. ಮನೆಯಲ್ಲೂ ಅದೇ ಕಥೆ. ಗೋಡೆಯ ಕ್ಯಾಲೆಂಡರು ನೆಟ್ಟಗಿರಬೇಕು, ಚಾಪೆ ಗೋಡೆಗೆ ಸರಿಯಾಗಿರಬೇಕು. ನನ್ನ ಕೋಣೆಯ ರೇಡಿಯೋದ ತಿರುಪಿನ ಮೇಲೆ ಒಂದು ಬಿಳಿ ಗೆರೆಯಿದೆ. ನಾನು ಹಾಡು ಸಿಗುವ ಕಡೆ ತಿರುಗಿಸಿಟ್ಟಿದ್ದರೆ, ಇವನು ಬಂದು ಆ ಗೆರೆಯನ್ನು ನೆಟ್ಟಗೆ ಮಾಡಿ ಹೋಗುವನು. ಹಾಡು ಹೋಗಿ ಬರೀ ಗೊರಗೊರ.

"ನನ್ನ ಸ್ಟೇಷನ್ ಹಾಳು ಮಾಡ್ದೆಯಲ್ಲೋ!"

"ವಾಲಿತ್ತು ಅತ್ತಿಗೆ. ಈಗ ನೋಡಿ, ಎಷ್ಟು ಲಕ್ಷಣವಾಗಿದೆ."

ಜೇಬಿನಲ್ಲಿ ಸದಾ ಒಂದು ಹಳದಿ ಮೆತ್ತನೆ ಬಟ್ಟೆ. ಮದುವೆಯ ದಿನ ಫೋಟೋ ತೆಗೆಯುವವನ ಕ್ಯಾಮೆರಾವನ್ನೂ ಮದುಮಗನೇ ಎದ್ದು ಹೋಗಿ ಅದೇ ಬಟ್ಟೆಯಿಂದ ಒರೆಸಿ ಬಂದ. ಹುಡುಗಿಯ ಕಡೆಯವರು ಮುಖ ಮುಖ ನೋಡಿಕೊಂಡರು.

ಆ ಹುಡುಗಿಯೇ ನನ್ನ ಓರಗಿತ್ತಿ. ಮಾತು ಕಡಿಮೆ, ಕೈಯ ಕೆಲಸ ಜಾಸ್ತಿ. ಮನೆಯ ಮುಂದಿನ ಕೋಣೆಯಲ್ಲಿ ಬೀದಿಗೆ ತೆರೆದ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಬಿನ್ನಿಗೆ ದಾರ ಸುತ್ತಿಕೊಡುವ ಕೆಲಸ ನನ್ನದು. ಮಿಷನ್ನಿನ ಗಾಲಿಯ ನಡುವೆ ಒಂದು ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಗಾಲಿ ಮಾತ್ರ ತಿರುಗುತ್ತದೆ, ಸೂಜಿ ಅಲ್ಲಾಡುವುದಿಲ್ಲ. ದಾರ ಸುತ್ತಿದ ಮೇಲೆ ಮತ್ತೆ ಬಿಗಿ ಮಾಡಬೇಕು. ನಾನು ಮರೆತುಬಿಡುತ್ತಿದ್ದೆ. ಅವಳು ಬಟ್ಟೆ ಇಟ್ಟು ಜೋರಾಗಿ ತುಳಿದರೂ ಸೂಜಿ ನಿಂತಲ್ಲೇ ನಿಂತಿರುತ್ತಿತ್ತು. "ಅಕ್ಕಾ, ತಿರುಪು!" ಎನ್ನುತ್ತಾ ನೋಡದೆಯೇ ಕೈ ಚಾಚಿ ಬಿಗಿ ಮಾಡುತ್ತಿದ್ದಳು.

ಮೈದುನನಿಗೆ ಐವತ್ತು ದಾಟಿದ ಮೇಲೆ ಗ್ರಹಚಾರ ಒಬ್ಬ ಹಲ್ಲಿನ ಡಾಕ್ಟರ ರೂಪದಲ್ಲಿ ಅಂಗಡಿಗೆ ಬಂತು. ಓದುವ ಕನ್ನಡಕ ಕೇಳಲು ಬಂದ ಆತ 'ಕೆಸರು ಬಳಗ'ದ ಅಧ್ಯಕ್ಷ. ವಾರವೆಲ್ಲ ಟೈ ಕಟ್ಟಿಕೊಂಡು ಕೂತಿರುವವರು ಭಾನುವಾರ ದೊಡ್ಡ ದೊಡ್ಡ ಗಾಡಿಗಳನ್ನು ರಸ್ತೆ ಬಿಟ್ಟು ಕಲ್ಲು, ಗುಂಡಿ, ಹಳ್ಳಗಳಿಗೆ ಇಳಿಸಿ, ಹತ್ತಿಸಿ, ಸಂಜೆ ಮನೆಗೆ ಬರುವ ಸಂಘ ಅದು. ಡಾಕ್ಟರು ಫೋನಿನಲ್ಲಿ ಒಂದು ಫೋಟೋ ತೋರಿಸಿದರಂತೆ. ಗಾಡಿ ಕೆಸರನ್ನು ಎರಡೂ ಕಡೆ ರೆಕ್ಕೆಯ ಹಾಗೆ ಹಾರಿಸುತ್ತಾ ಬರುತ್ತಿರುವ ಫೋಟೋ. ನಮ್ಮವನು ಮೊದಲು ಫೋನಿನ ಗಾಜು ಒರೆಸಿದ, ಆಮೇಲೆ ಫೋಟೋ ನೋಡಿದ, ಆಮೇಲೆ ಕೆಟ್ಟ.

ಪರಊರಿನಿಂದ ಹಳೆಯದೊಂದು ಫೋರ್ ವೀಲ್ ಡ್ರೈವ್ ಗಾಡಿ ಕೊಂಡು ತಂದ. ಆಳೆತ್ತರದ್ದು. ಹತ್ತಬೇಕಾದರೆ ನನಗೊಂದು ಸ್ಟೂಲು ಬೇಕು, ಇಳಿಯಬೇಕಾದರೆ ದೇವರೇ ಬೇಕು. ತಲೆಯ ಮೇಲೊಂದು ಏಣಿ, ಬೆನ್ನಿಗೊಂದು ಸಲಿಕೆ. ಸಲಿಕೆಗೆ ಮಣ್ಣು ತಾಗಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಸುತ್ತಿದ. ಪಕ್ಕದಲ್ಲಿ ಕರಿಯ ಕೊಳವೆಯೊಂದು ಮೇಲೆದ್ದು ನಿಂತಿತ್ತು. "ಏನೋ ಇದು?" ಎಂದು ಕೇಳಿದೆ.

"ಗಾಡಿ ಕುತ್ತಿಗೆ ಮಟ್ಟ ನೀರಲ್ಲಿ ಮುಳುಗಿದಾಗ ಉಸಿರಾಡೋಕೆ ಅತ್ತಿಗೆ."

"ಮುಳುಗಿದಾಗ ಒಳಗೆ ಕೂತಿರೋರು?"

ಅವನು ಹಳದಿ ಬಟ್ಟೆ ತೆಗೆದ. ಕೊಳವೆ ಒರೆಸತೊಡಗಿದ.

ಇಷ್ಟು ದೊಡ್ಡದನ್ನು ನಿಲ್ಲಿಸುವುದೆಲ್ಲಿ? ಬೀದಿಯಲ್ಲಿ ನಿಲ್ಲಿಸಿದರೆ ಧೂಳು ಕೂರುತ್ತದೆ. ಮುಂದಿನ ಕೋಣೆಯ ಗೋಡೆ ಒಡೆಸಿದ, ಕಿಟಕಿ ಕಿತ್ತ, ರೋಲಿಂಗ್ ಶಟರ್ ಹಾಕಿಸಿದ. ಓರಗಿತ್ತಿಯ ಮಿಷನ್ ಮಹಡಿ ಮೆಟ್ಟಿಲಿನ ತಿರುವಿಗೆ ಹೋಯಿತು. ಅಲ್ಲಿ ಅವಳು ಹೊಲಿಯುತ್ತಿದ್ದರೆ ಮೇಲೆ ಹೋಗುವವರು ಬಟ್ಟೆ ತುಳಿಯಬೇಕು, ಇಲ್ಲವೇ ಅವಳನ್ನು ಎಬ್ಬಿಸಬೇಕು. ಅಳತೆ ಕೊಡಲು ಬಂದ ತಾಯಂದಿರು ಒಂದು ಮೆಟ್ಟಿಲ ಮೇಲೆ, ಮಕ್ಕಳು ಇನ್ನೊಂದು ಮೆಟ್ಟಿಲ ಮೇಲೆ. ಬರಬರುತ್ತಾ ಅವರು ಬರುವುದನ್ನೇ ಬಿಟ್ಟರು. "ಕೋಣೆಗೆ ಕೋಣ ಕಟ್ಟಿದ ಹಾಗಾಯ್ತಲ್ಲೇ" ಎಂದೆ. ಅವಳು ನಗಲಿಲ್ಲ. ಆದರೆ ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಆ ಗಾಡಿಯ ಹೆಸರು ಕೋಣ ಎಂದೇ ಆಯಿತು.

ಕೆಸರು ಬಳಗಕ್ಕೆ ಒಂದು ಪದ್ಧತಿಯುಂಟು. ಯಾರ ಗಾಡಿ ಹೂತುಕೊಳ್ಳುತ್ತದೋ ಅದನ್ನು ಇನ್ನೊಬ್ಬರು ಕೆಂಪು ಬಣ್ಣದ ದಪ್ಪ ಹಗ್ಗ ಕಟ್ಟಿ ಎಳೆಯುತ್ತಾರೆ. ಎಳೆಸಿಕೊಂಡವನು ಹಗ್ಗವನ್ನು ಮನೆಗೆ ಒಯ್ಯಬೇಕು, ಮುಂದಿನ ಭಾನುವಾರ ತರಬೇಕು, ಮತ್ತೊಬ್ಬ ಹೂತುಕೊಂಡರೆ ಅವನಿಗೆ ದಾಟಿಸಬೇಕು. ಆ ಹಗ್ಗ ನಮ್ಮ ಮನೆಗೆ ಬಂದದ್ದೇ ಬಂದದ್ದು, ಮತ್ತೆ ಬೇರೆ ಮನೆಯ ಮುಖ ನೋಡಲಿಲ್ಲ. ಉಳಿದವರ ಗಾಡಿ ಹತ್ತಿದ ದಿಬ್ಬವನ್ನು ನಮ್ಮ ಕೋಣ ಹತ್ತದು. ಹಿಂದಿನ ಚಕ್ರ ಗರಗರ ತಿರುಗಿ ಕೆಸರು ಎರಚುವುದೊಂದೇ. ಡಾಕ್ಟರಿಗೂ ಒಳಗೊಳಗೆ ಖುಷಿಯೇ. ಎಳೆಯುವವರ ಸಂಘದಲ್ಲಿ ಎಳೆಸಿಕೊಳ್ಳಲು ಒಬ್ಬನಾದರೂ ಬೇಕಲ್ಲ! ಹಗ್ಗ ಹೇಗೂ ಮನೆಯಲ್ಲೇ ಇರುತ್ತದೆಂದು ನಾವು ಅದನ್ನು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿಕೊಂಡೆವು. ಭಾನುವಾರ ಬೆಳಿಗ್ಗೆ ಒಗೆದ ಬಟ್ಟೆ ತೆಗೆದು ಅವನಿಗೆ ಬಿಚ್ಚಿಕೊಡುವುದು, ಸಂಜೆ ತೊಳೆದು ಮತ್ತೆ ಕಟ್ಟುವುದು.

ಸಂಜೆಯ ಇನ್ನೊಂದು ಕೆಲಸ ಗಾಡಿ ತೊಳೆಯುವುದು. ಅದನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದು, ಕೊನೆಗೆ ಹಳದಿ ಬಟ್ಟೆ ತೆಗೆದು ಮುಂದಿನ ಎರಡೂ ಚಕ್ರಗಳ ನಟ್ಟನಡುವೆ ಒಂದೊಂದರಂತೆ ಇದ್ದ ಗುಂಡನೆಯ ತಿರುಪುಗಳನ್ನು ಉಜ್ಜುತ್ತಿದ್ದ. ಅವುಗಳ ಮೇಲೆ ಮೊದಲು ಏನೋ ಅಕ್ಷರಗಳಿದ್ದವು. ಇವನ ಉಜ್ಜಾಟಕ್ಕೆ ಅಕ್ಷರವೆಲ್ಲ ಅಳಿಸಿ ಒಂದು ಗೆರೆ ಮಾತ್ರ ಉಳಿದಿತ್ತು. ಎರಡೂ ಕಡೆಯ ಗೆರೆಗಳನ್ನು ನೆಟ್ಟಗೆ ಮಾಡಿ, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಸಮಾಧಾನಪಟ್ಟುಕೊಂಡು ಶಟರ್ ಎಳೆಯುತ್ತಿದ್ದ.

ಹೀಗಿರುವಾಗ ನರ್ಸಿಂಗ್ ಹೋಮ್ ಒಂದರಿಂದ ಓರಗಿತ್ತಿಗೆ ಹೇಳಿಕಳಿಸಿದರು. ರೋಗಿಗಳ ಗೌನು, ಹಾಸಿಗೆ ಹೊದಿಕೆ ಎಲ್ಲ ಹೊಲಿದುಕೊಡುವ ಕೆಲಸ. ಒಂದು ಸಲ ಸಿಕ್ಕರೆ ಕೈಬಿಡದ ಕೆಲಸ. ಆದರೆ ಮೂರು ಮಿಷನ್ ಹಾಕುವ ಜಾಗ ಬೇಕು, ಸೋಮವಾರ ಮೇಟ್ರನ್ ಬಂದು ನೋಡುತ್ತಾರೆ. ಓರಗಿತ್ತಿ ಊಟಕ್ಕೆ ಕೂತಾಗ ವಿಷಯ ತೆಗೆದಳು.

"ರೀ, ಮುಂದಿನ ಕೋಣೆ ನಂಗೆ ವಾಪಸ್ ಬೇಕು."

"ಗಾಡಿ ಎಲ್ಲಿ ನಿಲ್ಲಿಸ್ಲಿ?"

"ಬೀದೀಲಿ. ಎಲ್ಲರ ಗಾಡೀನೂ ಅಲ್ಲೇ ನಿಂತಿದ್ಯಲ್ಲ."

"ಬೀದೀಲಾ? ಧೂಳು ಕೂರತ್ತೆ ಕಣೇ!"

ನನಗೆ ತಡೆಯಲಾಗಲಿಲ್ಲ. "ಕೆಸರಲ್ಲಿ ಹೊರಳಾಡೋಕೆ ತಂದಿರೋ ಗಾಡಿಗೆ ಧೂಳಿನ ಭಯವೇನೋ?"

"ಅತ್ತಿಗೆ, ಕೆಸರು ಬೇರೆ, ಧೂಳು ಬೇರೆ. ನಿಮಗದು ಅರ್ಥ ಆಗಲ್ಲ."

"ಅರ್ಥ ಆಗತ್ತೆ" ಎಂದಳು ಓರಗಿತ್ತಿ, ತಟ್ಟೆಯಿಂದ ತಲೆ ಎತ್ತದೆ. "ಕೆಸರಿಂದ ಎಳೆಯೋಕೆ ಡಾಕ್ಟರಿದ್ದಾರೆ. ಧೂಳು ಒರೆಸೋಕೆ ನೀವೊಬ್ಬರೇ."

ಆ ಮಾತು ನೆಟ್ಟಗೆ ಹೋಗಿ ನಾಟಿತು. ಮೈದುನ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. "ನಾಳೆ ಫ್ಯಾಮಿಲಿ ಡೇ ಇದೆ. ನೀನೂ ಬಾ, ಅತ್ತಿಗೇನೂ ಬರ್ಲಿ. ನಾಳೆ ಯಾರಾದ್ರೂ ನನ್ನ ಗಾಡಿಗೆ ಹಗ್ಗ ಹಾಕಿ ಎಳೆದ್ರೆ ಕೋಣೆ ನಿಂದು. ಎಳೀದೇ ಇದ್ರೆ ಆ ಕೋಣೆ ಸುದ್ದಿ ಜನ್ಮದಲ್ಲಿ ಎತ್ತಬಾರದು."

"ಆಯ್ತು. ಅಕ್ಕ ಸಾಕ್ಷಿ."

ಮಾರನೆಯ ದಿನ ಸ್ಟೂಲು ಹಾಕಿ ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿದರು. ಪಕ್ಕದಲ್ಲಿ ಬುತ್ತಿಯ ಡಬ್ಬಿ, ಕಾಲ ಹತ್ತಿರ ಕೆಂಪು ಹಗ್ಗ. ಡಾಂಬರು ಮುಗಿಯುವ ಕಡೆ ಬಳಗದವರೆಲ್ಲ ಸೇರಿದ್ದರು. ಹೆಂಗಸರು, ಮಕ್ಕಳು, ಮಡಚುವ ಕುರ್ಚಿಗಳು. ಒಂದು ಹಳ್ಳ ದಾಟಿ, ಆಚೆಯ ಕೆಸರು ದಡ ಹತ್ತಿ, ಮರಗಳ ಕೆಳಗೆ ಊಟ ಮಾಡಿ, ಅದೇ ದಾರಿಯಲ್ಲಿ ವಾಪಸು ಬರುವುದು ಅಂದಿನ ಕಾರ್ಯಕ್ರಮ. ನಡೆದುಕೊಂಡು ಹೋಗುವವರಿಗೆ ಅಲ್ಲೇ ಮಗ್ಗುಲಲ್ಲಿ ಒಂದು ಪುಟ್ಟ ಸೇತುವೆಯಿತ್ತು. ಅದನ್ನು ನಾನು ತೋರಿಸಿದಾಗ ಎಲ್ಲರೂ ತಮ್ಮ ತಮ್ಮ ಗಾಡಿ ಹತ್ತಿದರು.

ಡಾಕ್ಟರ ಗಾಡಿ ಮೊದಲು ದಾಟಿತು, ಉಳಿದವೂ ದಾಟಿದವು. ಅವೆಲ್ಲ ಹೊಸವು, ಗುಂಡಿ ಒತ್ತಿದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುತ್ತದಂತೆ. ನಮ್ಮವನು ಗೇರಿನ ಪಕ್ಕದ ಗಿಡ್ಡ ಕಡ್ಡಿಯನ್ನು ಕತ್ತಿ ಹಿರಿದ ಹಾಗೆ ಎಳೆದ. ಎದುರಿಗೆ ಹಸಿರು ದೀಪ ಹತ್ತಿಕೊಂಡಿತು. "ನೋಡಿ ಅತ್ತಿಗೆ, ಈಗ ನಾಲ್ಕೂ ಚಕ್ರ ದುಡಿಯತ್ತೆ!" ನೀರು ದಾಟಿದೆವು. ಆಚೆ ದಡಕ್ಕೆ ಮೂತಿಯಿಟ್ಟೆವು. ಅಲ್ಲಿಗೆ ಮುಗಿಯಿತು. ಹಿಂದಿನ ಚಕ್ರ ಗರಗರ, ಗಾಡಿ ನಿಂತಲ್ಲೇ ಗಡಗಡ, ಇವನು ಕುದುರೆ ಓಡಿಸುವವನ ಹಾಗೆ ಸೀಟಿನಲ್ಲಿ ಹಿಂದೆ ಮುಂದೆ. ಮೇಲೆ ನಿಂತಿದ್ದವರು ಸೀಟಿ ಹೊಡೆದರು. "ಕನ್ನಡಕದವ್ರೇ, ಹಗ್ಗ ತಂದಿದ್ದೀರಿ ತಾನೇ?" ಎಂದು ಡಾಕ್ಟರು ಕೂಗಿದರು. ಮಕ್ಕಳೂ ನಕ್ಕವು. ಮೈದುನನ ಕಿವಿ ಕೆಂಪಗಾಯಿತು.

ಓರಗಿತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಚಕ್ರವನ್ನೇ ನೋಡುತ್ತಿದ್ದಳು. ಅದು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಅವಳ ಮುಖ ನನ್ನ ಕಡೆ ತಿರುಗಿತು.

"ಅಕ್ಕಾ, ತಿರುಪು!"

ನಾನು ಬಾಯಿ ತೆರೆಯುವಷ್ಟರಲ್ಲಿ "ರೀ, ಸ್ವಲ್ಪ ನಿಲ್ಲಿಸಿ" ಎಂದು ಹೇಳಿ, ಉಟ್ಟದ್ದನ್ನು ಮೊಣಕಾಲಿಗೆ ಎತ್ತಿಕಟ್ಟಿ ಕೆಸರಿಗೆ ಇಳಿದೇಬಿಟ್ಟಳು. ಈ ಕಡೆಯ ಚಕ್ರದ ನಡುವಿನ ತಿರುಪನ್ನು ಹಿಡಿದು ಕರಕ್ಕೆಂದು ತಿರುಗಿಸಿದಳು. ಸುತ್ತಿಕೊಂಡು ಹೋಗಿ ಆ ಕಡೆಯದನ್ನೂ ತಿರುಗಿಸಿದಳು. ನೆಟ್ಟಗಿದ್ದ ಗೆರೆಗಳೆರಡೂ ಮಲಗಿದವು. "ಈಗ ತುಳೀರಿ" ಎಂದಳು, ಮಿಷನ್ ತುಳಿಯಲು ಹೇಳುವ ಹಾಗೆ.

ಮೈದುನ ತುಳಿದ. ಕೋಣದ ಮುಂಗಾಲು ನೆಲ ಕಚ್ಚಿತು, ಗಾಡಿ ಒಮ್ಮೆ ಹೂಂಕರಿಸಿ ಸರಾಗವಾಗಿ ದಡ ಹತ್ತಿ ನಿಂತಿತು. ಬುತ್ತಿಯ ಡಬ್ಬಿ ನನ್ನ ಮಡಿಲಿಗೆ ಬಂತು. ಇಷ್ಟು ವರ್ಷ ನಾಲ್ಕು ಚಕ್ರದ ಗಾಡಿಯೆಂದು ಸಾಕಿದ್ದು ಎರಡೇ ಚಕ್ರದಲ್ಲಿ ಓಡುತ್ತಿತ್ತು. ನಾಲ್ಕಕ್ಕೂ ಬಲ ಬೇಕಾದರೆ ಇಳಿದು, ಕೆಸರಿನ ಚಕ್ರಕ್ಕೆ ಕೈಹಾಕಿ, ಆ ತಿರುಪು ತಿರುಗಿಸಬೇಕು. ಗಾಡಿ ಮಾರಿದವನು ಇದನ್ನೆಲ್ಲ ಹೇಳಿಕೊಟ್ಟೇ ಇದ್ದನಂತೆ. ಆ ಹೊತ್ತಿನಲ್ಲಿ ನಮ್ಮವನು ಕನ್ನಡಿ ಒರೆಸುತ್ತಿದ್ದ.

ಮೇಲೆ ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರ ಮುಖ ಮಾತ್ರ ಹುಳಿ ಕಚ್ಚಿದ ಹಾಗಿತ್ತು. "ಏನ್ರೀ ಇದು, ಹಗ್ಗ ಇಲ್ದೆ ಹತ್ತಿಬಿಟ್ರಿ!"

"ಕ್ಲಚ್ಚಿನ ಮೇಲೆ ಕಾಲು ಹಗುರವಾಗಿರ್ಬೇಕು ಡಾಕ್ಟ್ರೇ. ಅದೊಂದು ಹದ."

"ಮತ್ತೆ ನಿಮ್ಮ ಮನೆಯವರು ಯಾಕೆ ಇಳಿದಿದ್ರು?"

"ಗಾಡಿ ಹಗುರ ಆಗ್ಲಿ ಅಂತ ನಾನೇ ಇಳಿಸ್ದೆ."

ಓರಗಿತ್ತಿ ಆಗ ತಾನೇ ಮೊಣಕಾಲುದ್ದ ಕೆಸರಿನಲ್ಲಿ ದಡ ಹತ್ತಿ ಬರುತ್ತಿದ್ದಳು. ಕೇಳಿಸಿತು. ನನ್ನ ಪಕ್ಕ ಬಂದು ಕೂತು, ಕಾಲು ತೊಳೆದುಕೊಳ್ಳುತ್ತಾ, "ಹಗುರ ಆಗ್ಲಿ ಅಂತಂತೆ ಅಕ್ಕಾ" ಎಂದಳು.

"ಕೈಗೆ ಬಂದಿದ್ದ ಕೋಣೆ ಬಿಟ್ಟೆಯಲ್ಲೇ, ಹುಚ್ಚಿ! ಸುಮ್ನೆ ಕೂತಿದ್ರೆ ಡಾಕ್ಟರೇ ಎಳೀತಿದ್ರು."

"ಎಲ್ಲರೂ ನಗ್ತಾ ಇದ್ರು, ನೋಡೋಕಾಗ್ಲಿಲ್ಲ. ಅಲ್ದೆ ಈ ಕೈ ನೋಡಿ, ಸಡಿಲ ಇರೋ ತಿರುಪು ಕಂಡ್ರೆ ನನ್ನನ್ನ ಕೇಳೋದೇ ಇಲ್ಲ." ತೊಳೆದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಊಟ ಬಡಿಸಿದಳು. ತಾನು ಅರ್ಧ ತಿಂದು ಎದ್ದಳು.

ಊಟವಾದ ಮೇಲೆ ಉಳಿದವರು ಮರದ ಕೆಳಗೆ ಉರುಳಿಕೊಂಡರು. ನಮ್ಮವನು ಬಕೆಟ್ಟು ಹಿಡಿದು ಹಳ್ಳಕ್ಕೆ ಇಳಿಯುವ ಕಲ್ಲುಗಳ ಮೇಲೆ ಹುಷಾರಾಗಿ ಕಾಲಿಡುತ್ತಾ ಹೋದ. ಇನ್ನೊಂದು ಗಳಿಗೆಯಲ್ಲಿ ಅದೇ ಕೆಸರಿಗೆ ಇಳಿಸಬೇಕಾದ ಗಾಡಿಯನ್ನು ತೊಳೆಯತೊಡಗಿದ. ಕೊನೆಗೆ ಹಳದಿ ಬಟ್ಟೆ ಹೊರಗೆ ಬಂತು. ಮುಂದಿನ ಚಕ್ರದ ಎದುರು ಬಾಗಿದ. ಮಲಗಿದ್ದ ಗೆರೆ ಕಂಡು ಹುಬ್ಬು ಗಂಟಿಕ್ಕಿದ.

ಕುಕ್ಕರಗಾಲಿನಲ್ಲಿ ಕೂತಿದ್ದ ಓರಗಿತ್ತಿ ಎದ್ದು ನಿಂತಳು. "ರೀ, ಅದನ್ನ ಮುಟ್ಟಬೇಡಿ."

"ಯಾಕೆ? ಸೊಟ್ಟಗಿದೆ ನೋಡು."

"ಸೊಟ್ಟಗೇ ಇರ್ಲಿ. ನಾನು ಆಗ ಇಳಿದು ಮಾಡಿದ್ದು ಅದನ್ನೇ..."

"ನೋಡು, ನಿಂಗೆ ಹೊಲಿಗೆ ಗೊತ್ತು, ನಂಗೆ ಗಾಡಿ ಗೊತ್ತು. ಹೋಗು, ಡಬ್ಬಿ ಕಟ್ಟು."

ಕರಕ್. ಆ ಕಡೆ ಹೋಗಿ ಇನ್ನೊಂದು ಕರಕ್. ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದ. ಎರಡೂ ಗೆರೆ ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಓರಗಿತ್ತಿ ಬಂದು ಡಬ್ಬಿ ಕಟ್ಟಿದಳು. ಗಂಟನ್ನು ಸ್ವಲ್ಪ ಜೋರಾಗಿಯೇ ಬಿಗಿದಳು.

ವಾಪಸು ಹೊರಟಾಗ ಡಾಕ್ಟರು ಮೊದಲೇ ದಾಟಿ ಈಚೆ ದಡದ ಮೇಲೆ ನಿಂತಿದ್ದರು. ನಮ್ಮವನು ಈ ಸಲ ಎಲ್ಲರಿಗೂ ಕೈ ಬೀಸಿ ಇಳಿದ. ಕಡ್ಡಿ ಎಳೆದ, ಹಸಿರು ದೀಪ ಹತ್ತಿತು, ಗಾಡಿ ನೀರು ದಾಟಿತು, ದಡಕ್ಕೆ ಮೂತಿ ಇಟ್ಟಿತು. ಗರಗರ. ಬೆಳಿಗ್ಗೆಗಿಂತ ಆಳಕ್ಕೆ ಹೂತುಕೊಂಡಿತು.

ಇನ್ನೆರಡು ಸಲ ತುಳಿದು ನೋಡಿದ. ಆಮೇಲೆ ಮೈದುನ ಮೆಲ್ಲಗೆ, "ಲೇ, ಒಂಚೂರು ಇಳೀತೀಯಾ?" ಎಂದ.

"ಯಾಕೆ, ಗಾಡಿ ಹಗುರ ಆಗ್ಬೇಕಾ?"

"ಬೆಳಿಗ್ಗೆ ಏನೋ ಮಾಡಿದ್ಯಲ್ಲ, ಅದನ್ನ ಮಾಡು."

"ನಾನು ಮಾಡಿದ್ದನ್ನ ನೀವು ಒರೆಸಿ ಹಾಕಿದ್ರಿ. ಈಗ ನೀವೇ ಇಳೀರಿ. ಮುಂದಿನ ಚಕ್ರದ ತಿರುಪು, ಇದೊಂದು, ಅದೊಂದು. ತಿರುಗಿಸಿ ಗೆರೆ ಮಲಗಿಸಿ. ಹತ್ತತ್ತೆ. ಹಗ್ಗ ಬೇಡ. ಕೋಣೆ ಸುದ್ದಿ ನಾನಿನ್ನು ಎತ್ತಲ್ಲ. ಸತ್ಯವಾಗ್ಲೂ."

ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಟ್ಟಳಲ್ಲ, ಇನ್ನು ಇವನು ಇಳಿಯುತ್ತಾನೆ, ತಿರುಗಿಸುತ್ತಾನೆ, ಸೋಮವಾರ ಮೇಟ್ರನ್ನಿಗೆ ಮೆಟ್ಟಿಲು ತೋರಿಸಬೇಕು ಎಂದುಕೊಂಡೆ.

ಮೈದುನ ಬಾಗಿಲು ತೆರೆದ. ಕೆಳಗೆ ನೋಡಿದ. ಕೆಸರು ಕರ್ರಗೆ, ಗುಳುಗುಳು ಎನ್ನುತ್ತಾ ಮಿರುಗುತ್ತಿತ್ತು. ತನ್ನ ಶೂ ನೋಡಿಕೊಂಡ. ಬಿಳಿಯ ಶೂ. ಒಂದು ಕಾಲು ಹೊರಗೆ ಚಾಚಿ, ಗಾಳಿಯಲ್ಲಿ ಹಿಡಿದು, ಅಲ್ಲೇ ನಿಲ್ಲಿಸಿದ. ಚಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದವನೇ ನನ್ನ ಕಣ್ಣಿಗೆ ಕಂಡ. "ಒರೆಸ್ಕೊಡಿ" ಎನ್ನುವುದೊಂದು ಬಾಕಿ. ಆಮೇಲೆ ಕಾಲನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿ, ಹಾರ್ನ್ ಒತ್ತಿದ.

"ಡಾಕ್ಟ್ರೇ, ಹಗ್ಗ!"

ಕಿಟಕಿಯಿಂದ ಹಗ್ಗ ಕೊಟ್ಟವಳು ನಾನೇ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪೊಂದು ಇನ್ನೂ ಅದಕ್ಕೆ ಕಚ್ಚಿಕೊಂಡಿತ್ತು. ಡಾಕ್ಟರು ಅದನ್ನು ತೆಗೆದು, "ಅಮ್ಮಾ, ಇದು ನಿಮ್ಮದಿರಬೇಕು" ಎಂದು ಬಹಳ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು. ಅವರ ಮುಖಕ್ಕೆ ಕಳೆ ವಾಪಸು ಬಂದಿತ್ತು.

ಮೈದುನ ಆಡಿದ ಮಾತಿಗೆ ತಪ್ಪುವವನಲ್ಲ, ಅಷ್ಟು ಒಪ್ಪಿಕೊಳ್ಳಬೇಕು. ಮನೆಗೆ ಬಂದವನೇ ಶಟರ್ ಎತ್ತಿ, ಕೋಣೆಯನ್ನು ತಾನೇ ಗುಡಿಸಿ, ನೆಲ ಒರೆಸಿಕೊಟ್ಟ. ಸೋಮವಾರ ಮೇಟ್ರನ್ ಬಂದವರು ನೆಲ ನೋಡಿಯೇ ಅರ್ಧ ಒಪ್ಪಿದರು. "ನಮ್ಮಲ್ಲಿ ಆಪರೇಷನ್ ಕೋಣೇನೂ ಇಷ್ಟು ಚೊಕ್ಕಟವಾಗಿಲ್ಲ" ಎಂದರು. ಈಗ ಅಲ್ಲಿ ಮೂರು ಮಿಷನ್ ಓಡುತ್ತವೆ. ನನಗೆ ಮೂರು ಪಟ್ಟು ಬಾಬಿನ್. ಶಟರ್ ತೆರೆದಿಟ್ಟರೆ ಹಳೆಯ ಕಿಟಕಿಗಿಂತ ಒಳ್ಳೆಯ ಬೆಳಕು.

ಕೋಣ ಬೀದಿಯಲ್ಲಿದೆ. ಧೂಳು ಕಂಡು ಮೈದುನ ಊಟ ಬಿಡುವಂತಾದಾಗ ಓರಗಿತ್ತಿ ಉಳಿದ ಗೌನಿನ ಬಟ್ಟೆಯಲ್ಲಿ ಅದಕ್ಕೊಂದು ಕವಚ ಹೊಲಿದುಕೊಟ್ಟಳು. ಉಸಿರಾಟದ ಕೊಳವೆಗೆ ಬೇರೆಯೇ ಒಂದು ತೋಳು. ತಿಳಿಹಸಿರು ಬಟ್ಟೆ ಹೊದ್ದು ಅದು ಆಪರೇಷನ್ನಿಗೆ ಕಾದಿರುವ ರೋಗಿಯ ಹಾಗೆ ನಿಂತಿರುತ್ತದೆ. ಬಳಗಕ್ಕೆ ಹೊಸದಾಗಿ ಸೇರಿದವರಿಗೆ ಮೈದುನ ಈಗ ಪಾಠ ಹೇಳುತ್ತಾನಂತೆ. "ಮೊದಲು ಇಳಿದು ಚಕ್ರದ ತಿರುಪು ತಿರುಗಿಸ್ಬೇಕು. ಇದೆಲ್ಲ ಅನುಭವದಿಂದ ಬರೋದು." ತಾನು ಮಾತ್ರ ಇಳಿಯುವುದಿಲ್ಲ. ಕೆಂಪು ಹಗ್ಗ ನಮ್ಮ ಹಿತ್ತಲಲ್ಲೇ ಇದೆ, ಗೌನುಗಳಿಗೆ ಅನುಕೂಲವಾಗಿದೆ.

ಮೊನ್ನೆ ಒಗೆದಿಟ್ಟ ಕವಚ ಕೇಳಲು ಹೊಲಿಗೆ ಕೋಣೆಗೆ ಬಂದಿದ್ದ. ನಾನು ದಾರ ಸುತ್ತುತ್ತಿದ್ದೆ. ನಿಂತಲ್ಲೇ ಅವನ ಕೈ ಜೇಬಿಗೆ ಹೋಯಿತು, ಹಳದಿ ಬಟ್ಟೆ ಬಂತು. ಪಕ್ಕದ ಮಿಷನ್ನಿನ ಗಾಲಿ ಒರೆಸಿದ. ನಡುವಿನ ತಿರುಪಿಗೆ ಬೆರಳು ಹೋಯಿತು.

"ರೀ" ಎಂದಳು ಓರಗಿತ್ತಿ, ಬಟ್ಟೆಯಿಂದ ಕಣ್ಣೆತ್ತದೆ.

ಬೆರಳು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಹಿಂದೆ ಬಂತು. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ನಿಮ್ಮ ಕನ್ನಡಕ ಕೊಡಿ" ಎಂದ. ಕೊಟ್ಟೆ. ಒರೆಸಿಕೊಳ್ಳಲಿ, ಪಾಪ.